ಟಾಲ್‌ಸ್ಟಾಯ್ ಕ್ಷೇತ್ರದ ದುಡಿಮೆ

ಗ್ರಂಥಾಭ್ಯಾಸದಿಂದ ಲಭಿಸುವುದು ಮಾತ್ರವೇ ವಿದ್ಯೆಯಲ್ಲ. ನೆಲವನ್ನಗೆದು, ನೀರನ್ನು ಹೊತ್ತು, ಹಿಟ್ಟನ್ನು ಬೀಸಿ ಬದುಕುವುದೂ ವಿದ್ಯೆಯೇ. ಕಾಯಕದ ಮಹಿಮೆಯನ್ನು ಬಲ್ಲ ಭಕ್ತವೃಂದಕ್ಕೆ ಇದು ಹೊಸ ಮಾತಲ್ಲ. ಸಾಗರದಾಚೆಯ ದಕ್ಷಿಣ ಆಫ್ರಿಕದಲ್ಲಿ ಭಾರತೀಯರು ಈ ವಿದ್ಯೆಯನ್ನು ಸಂಪಾದಿಸಿ, ಅದರಿಂದ ತಮ್ಮ ಮಾನವನ್ನು ಉಳಿಸಿಕೊಂಡ ವೃತ್ತಾಂತವು ಸ್ಮರಣೀಯವಾಗಿದೆ.

ಟ್ರಾನ್ಸ್‌ವಾಲ್ ಪ್ರಾಂತದ ಅನ್ಯಾಯದ ಕಾಯಿದೆಗಳ ವಿರುದ್ಧ 1906ರಲ್ಲಿ ಸತ್ಯಾಗ್ರಹವು ಆರಂಭವಾಯಿತು. ಸೆರೆಮನೆಯನ್ನು ಸೇರಿದವರ ಕುಟುಂಬಗಳಿಗೆ ತಿಂಗಳು ತಿಂಗಳೂ ದ್ರವ್ಯಸಹಾಯವು ಸಲ್ಲುತ್ತಿತ್ತು. ಹೋರಾಟವು ಎಷ್ಟು ಕಾಲ ನಡೆಯುವುದೋ ಬಲ್ಲವರಿರಲಿಲ್ಲ; ಹಣವು ತೀರಿದರೆ ಹೋರಾಟವೂ ತೀರುವಂತಿತ್ತು. ಇಂತಹ ಸಂಕಟದಲ್ಲಿ ಗಾಂಧೀಜಿಯವರ ಮಿತ್ರರೂ ಶಿಲ್ಪಿಯೂ ಆದ ಹರ್ಮನ್ ಕಾಲನ್‌ಬಾಕ್‌ರವರು, ಜೋಹಾನ್ಸ್‌ಬರ್ಗಿನಿಂದ 21 ಮೈಲು ದೂರದಲ್ಲಿದ್ದ 1,100 ಎಕರೆ ಭೂಮಿಯನ್ನು 1910ನೆಯ ಮೇ 30ರಂದು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಕ್ಷೇತ್ರ.

ಅಲ್ಲಿ ಸುಮಾರು ಸಾವಿರ ಹಣ್ಣಿನ ಮರಗಳಿದ್ದುವು. ಆಳು ಮಾತ್ರ ಒಬ್ಬನೂ ಇರಲಿಲ್ಲ. ಹಿಂದೂ, ಮುಸಲ್ಮಾನ, ಪಾರ್ಸಿ, ಕ್ರೈಸ್ತರೆಲ್ಲರೂ ಒಂದೇ ಪಾಕಶಾಲೆಯಲ್ಲಿ ಸಸ್ಯಾಹಾರವನ್ನುಂಡರು. ಸುಮಾರು 500 ಗಜ ದೂರದ ಒರತೆಯಿಂದ ಅಡ್ಡೆ ಹೊತ್ತು ನೀರು ತಂದರು. ಗೋಧಿಯನ್ನು ಕೈಯಿಂದ ಬೀಸಿ ರೊಟ್ಟಿ ಮಾಡಿದರು. ಮಲವನ್ನು ಗುಂಡಿಯಲ್ಲಿ ಹೂತು ಗೊಬ್ಬರವಾಗಿಸಿದರು. ಈ ಕೆಲಸವು ಹೀನವೆಂದು ಯಾರಿಗೂ ತೋರದಂತೆ ಎಲ್ಲರೂ ಅದರಲ್ಲಿ ಕೈಯಿಟ್ಟರು. ಸ್ವಂತ ಕಾರ್ಯಕ್ಕೆ ಪಟ್ಟಣಕ್ಕೆ ಹೋಗತಕ್ಕವರು ನಡೆದೇ ಹೋಗಬೇಕಾಗಿತ್ತು. ಉಪಾಧ್ಯಾಯನು ತಾನು ಮಾಡದ ಕೆಲಸವನ್ನು ಮಕ್ಕಳಿಂದ ಮಾಡಿಸತಕ್ಕದ್ದಲ್ಲವೆಂಬುದು ಅಲ್ಲಿಯ ನಿಯಮ. ಬೆಳಗ್ಗೆ ದುಡಿದು ದಣಿದ ಮಕ್ಕಳೂ ಗುರುಗಳೂ ಮಧ್ಯಾಹ್ನದ ಪಾಠದಲ್ಲಿ ತೂಕಡಿಸಿ, ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದುದೂ ಉಂಟು.

ಕಾಲನ್‌ಬಾಕ್‌ರವರು ಬಡಗಿಯ ಕೆಲಸವನ್ನು ಬಲ್ಲವರಾಗಿದ್ದರು. ಪಾದರಕ್ಷೆ ಹೊಲಿಯುವ ಕಸುಬನ್ನಾದರೋ ಅವರು ಒಂದು ಮಠದಲ್ಲಿ ಕಲಿತರು. ಡರ್ಬನ್ ಸಮೀಪದ ಮಾರಿಯಾನ್‌ಹಿಲ್ಲಿನಲ್ಲಿ 1882ರಲ್ಲಿ ಸ್ಥಾಪಿತವಾದ ಟ್ರಾಪಿಸ್ಟ್ ಪಂಥದ ಕ್ರೈಸ್ತಮಠವು ಕೃಷಿಗೂ ಕೈಗಾರಿಕೆಗಳಿಗೂ ಹೆಸರಾಗಿತ್ತು. ಅಲ್ಲಿಗೆ ಹೋಗಿ ಕಲಿತು ಬಂದ ಅವರಿಂದ ಗಾಂಧೀಜಿಯವರೂ, ಗಾಂಧೀಜಿಯವರಿಂದ ಇತರರೂ ಆ ಕಸುಬನ್ನು ಕಲಿತರು. ಹೀಗೆ ಮಠದ ವಿದ್ಯೆಯು ಮತಭೇದವನ್ನೆಣಿಸದೆ ಕೈಯಿಂದ ಕೈಗೆ ಸಾಗಿತು.

1913ರಲ್ಲಿ ಕ್ಷೇತ್ರವು ಮುಚ್ಚಿತು. ಅಲ್ಲಿಯ ಅಭ್ಯಾಸವು ಮಾತ್ರ ವ್ಯರ್ಥವಾಗಲಿಲ್ಲ. ಅದೇ ವರ್ಷ, ಅಲ್ಲಿ ವಾಸಿಸಿದ್ದ ಸ್ತ್ರೀಯರು ನ್ಯೂಕ್ಯಾಸಲ್ಲಿನ ಗಣಿಯ ಕೂಲಿಕಾರರನ್ನು ಮುಷ್ಕರಕ್ಕೆ ಎಚ್ಚರಿಸಿ, ಕಠಿಣ ಸಜೆಯನ್ನು ಸಹಿಸಿದರು. ಸ್ವಲ್ಪದರಲ್ಲಿ ಬಾಳಲು ಕಲಿತವರನ್ನು ಸೆರೆಮನೆಯು ಹೆದರಿಸಲಾರದೆ ಹೋಯಿತು. 1914ರಲ್ಲಿ ಮೂರು ಪೌಂಡಿನ ತಲೆಗಂದಾಯವು ರದ್ದಾಯಿತು.

ಆ ವರ್ಷ ಗಾಂಧೀಜಿಯವರು ತಾವೇ ಹೊಲಿದ ಒಂದು ಜೊತೆ ಪಾದರಕ್ಷೆಯನ್ನು, ತಮ್ಮನ್ನು ಸೆರೆಗೆ ಕಳುಹಿಸಿದ ಜನರಲ್ ಸ್ಮಟ್ಸರಿಗೆ ಕಾಣಿಕೆಯಾಗಿತ್ತರು. 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಜನ್ಮದಿನದ ಸಂದರ್ಭದಲ್ಲಿ ಸ್ಮಟ್ಸರು ಅದನ್ನು ಗೌರವದಿಂದ ಹಿಂದಿರುಗಿಸಿದರು. ಕೈಯ ದುಡಿಮೆಯು ಹೊಟ್ಟೆಯನ್ನು ಹೊರೆಯುವುದಲ್ಲದೆ ಹಗೆತನವನ್ನೂ ಕರಗಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿಯಾಗಿದೆ.