ಹೊರಲು ಬಂದ ಮರ

ಬಳ್ಳಾರಿ ಸೀಮೆಯ ಚರಿತ್ರೆ ಬರೆಯುವವರಿಗೆ ಕಲ್ಲಿನ ಮೇಲೆ ಮೋಹ ಹೆಚ್ಚು. ಇಲ್ಲಿ ಕಣ್ಣೆತ್ತಿದರೆ ಕಾಣುವುದೂ ಕಲ್ಲೇ. ಊರ ನಡುವಿನ ಕೋಟೆ ಗುಡ್ಡ, ಸಂಗನಕಲ್ಲಿನ ಹಿರೇಗುಡ್ಡ, ಸಿರುಗುಪ್ಪ ದಾರಿಯ ತೆಕ್ಕಲಕೋಟೆಯ ಬಂಡೆಗಳು, ಕುರುಗೋಡಿನಲ್ಲಿ ಒಂದೇ ಶಿಲೆಯಲ್ಲಿ ಕಡೆದ ದೊಡ್ಡಬಸವಣ್ಣ. ನಾನು ಬರೆಯಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ವಸ್ತುವಿನ ಬಗ್ಗೆ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿನ, ಕೈಗೆತ್ತಿಕೊಂಡರೆ ಒಳಗೇನೂ ಇಲ್ಲವೇನೋ ಅನ್ನಿಸುವಷ್ಟು ಹಗುರವಾದ ಕಟ್ಟಿಗೆ. ಕನ್ನಡದ ಕುಶಲಕರ್ಮಿಗಳು ಇದನ್ನು ಪೊಳಕಿ ಅನ್ನುತ್ತಾರೆ, ತೆಲುಗರು ತೆಲ್ಲ ಪೊಣಿಕಿ ಅನ್ನುತ್ತಾರೆ. ಎರಡೂ ನುಡಿ ಕಲೆತ ನಮ್ಮ ಸೀಮೆಗೆ ಎರಡೂ ಹೆಸರು ಸಲ್ಲುತ್ತವೆ.

ಸಸ್ಯಶಾಸ್ತ್ರದ ಹೆಸರು ಗಿವೋಶಿಯಾ ಮೊಲುಕ್ಕಾನಾ. ಮೊಲುಕ್ಕಾ ದ್ವೀಪಗಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮರ. ಹೆಸರಿಡುವವರು ದೂರದಲ್ಲಿ ಕೂತಿದ್ದಾಗ ಹೀಗೆಲ್ಲ ಆಗುತ್ತದೆ. ನಮ್ಮ ಹೊಲದ ಔಡಲದ ಕುಟುಂಬಕ್ಕೆ ಸೇರಿದ್ದು. ಒಣ ಗುಡ್ಡಗಳ ಕುರುಚಲು ಕಾಡಿನಲ್ಲಿ, ಕಲ್ಲುಸಂದಿಯಲ್ಲಿ ಬೆಳೆಯುತ್ತದೆ. ಅಗಲವಾದ ಎಲೆ, ಎಲೆಯ ಅಡಿ ಬೂದಿಬಿಳುಪು, ಬೇಸಿಗೆಗೆ ಬೋಳು. ಕಟ್ಟಿಗೆ ಸಾಗುವಾನಿಯ ಅರ್ಧದಷ್ಟೂ ತೂಗುವುದಿಲ್ಲ. ಆದರೂ ಮರದ ವ್ಯಾಪಾರದ ಲೆಕ್ಕದಲ್ಲಿ ಇದು ಹಾರ್ಡ್‌ವುಡ್! ಆ ಮಾತಿಗೂ ಗಟ್ಟಿತನಕ್ಕೂ ನಂಟಿಲ್ಲ. ಹೂ ಬಿಡುವ, ಅಗಲ ಎಲೆಯ ಮರಗಳೆಲ್ಲ ಹಾರ್ಡ್‌ವುಡ್, ಪೈನ್, ದೇವದಾರುಗಳು ಸಾಫ್ಟ್‌ವುಡ್. ಆಟದ ವಿಮಾನಗಳಿಗೆ ಬಳಸುವ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಗಟ್ಟಿಮರವೇ.

ಇಂಥ ಮರ ಚರಿತ್ರೆಗೆ ಸಿಗುವುದು ಕಷ್ಟ. ಸಂಗನಕಲ್ಲಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ತಯಾರಿಸುತ್ತಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಅಗೆದರು, 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ತೆಕ್ಕಲಕೋಟೆಯಲ್ಲಿ ಅಗೆದರು. ಕೊಡಲಿ ಸಿಕ್ಕಿತು, ಅದು ಕಡಿದ ಮರ ಎಲ್ಲಿ? ಆ ಪ್ರಶ್ನೆಯನ್ನು ಇದ್ದಿಲಿನ ಚೂರುಗಳಿಗೆ ಕೇಳಿದವರು ಎಲೆನಿ ಅಸೌಟಿ ಮತ್ತು ಡೋರಿಯನ್ ಫುಲ್ಲರ್. ದಕ್ಷಿಣ ಭಾರತದ ಪ್ರಾಚೀನ ಕಾಡುಗಳ ಬಗ್ಗೆ ಅವರ ಪುಸ್ತಕ 2008ರಲ್ಲಿ ಬಂತು. ಆದರೆ ಇದ್ದಿಲಾಗಿ ಉಳಿಯುವುದು ಹೆಚ್ಚಾಗಿ ಉರುವಲು. ಪೊಳಕಿಯನ್ನು ಯಾವ ಹೆಂಗಸೂ ಒಲೆಗೆ ಬಯಸಿ ತಂದಿರಲಾರಳು. ಭಗ್ಗನೆ ಉರಿದು ಬೂದಿಯಾಗುವ ಕಟ್ಟಿಗೆಯಿಂದ ಮುದ್ದೆ ಬೇಯುವುದಿಲ್ಲ. ಮಣ್ಣಲ್ಲಿ ಹೂತರೆ ಗೆದ್ದಲಿನ ಪಾಲು. ಹೀಗಾಗಿ ಉತ್ಖನನದ ಗುಂಡಿಯಲ್ಲಿ ಇದು ಕಾಣದಿದ್ದರೆ, ಇರಲಿಲ್ಲ ಎಂದು ನಾನು ಓದುವುದಿಲ್ಲ.

ಮಡಗಾಸ್ಕರಿನಲ್ಲಿ ಇದರ ದಾಯಾದಿ ಮರವೊಂದಿದೆ, ಅಲ್ಲಿನವರು ಫರಾಫತ್ಸೆ ಅನ್ನುತ್ತಾರೆ. ಕಡಲತೀರದ ವೆಜೊ ಮೀನುಗಾರರು ಅದರ ಇಡೀ ಬೊಡ್ಡೆಯನ್ನು ಕೊರೆದು ದೋಣಿ ಮಾಡುತ್ತಾರೆ. ನಮ್ಮ ಹೊಳೆಯವರು ಆ ದಾರಿ ಹಿಡಿಯಲಿಲ್ಲ. ತುಂಗಭದ್ರೆಯ ಬಂಡೆಗಳ ನಡುವೆ ಬಿದಿರಿನ ದುಂಡು ಹರಿಗೋಲೇ ಸರಿ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ.

ನಮ್ಮಲ್ಲಿ ಈ ಹಗುರ ಮರಕ್ಕೆ ಸಿಕ್ಕ ಕೆಲಸ ಬೇರೆ, ದೇವಿಯಾಗುವುದು. ಕುರುಗೋಡಿನ ಬಸವಣ್ಣ ಗುಡಿ ಬಿಟ್ಟು ಅಲ್ಲಾಡುವವನಲ್ಲ, ಅವನಿಗೆ ಕಲ್ಲು ಒಪ್ಪುತ್ತದೆ. ತೇರಿಗೆ ಗಾಲಿಯಿದೆ, ಅದು ಗಟ್ಟಿಮರದ ಭಾರ ತಾಳುತ್ತದೆ. ಆದರೆ ದ್ಯಾಮವ್ವ, ದುರ್ಗಮ್ಮ ಹಾಗಲ್ಲ. ಅವರು ಹೊರಗೆ ಬರಬೇಕು, ಓಣಿ ಓಣಿ ತಿರುಗಬೇಕು, ಸೀಮೆಗೆ ಹೋಗಬೇಕು, ಹೊತ್ತವರು ಕುಣಿಯಬೇಕು. ಹೊಳೆಯಾಚೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಇಂಥ ದೇವಿಯರನ್ನೂ ದೇವರ ವಾಹನಗಳನ್ನೂ ಗೊಂಬೆಗಳನ್ನೂ ಮಾಡುತ್ತ ಬಂದವರು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳು ತಮ್ಮ ಹಿರಿಯರ ಕೈಕೆಲಸ ಎಂಬುದು ಅವರ ಮನೆತನದ ಮಾತು.

ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು. ಅದನ್ನು ಯಂತ್ರಕ್ಕೆ ಕೊಟ್ಟು ತಿರುಗಿಸಿ, ಆ ಬಿಸಿಯಲ್ಲೇ ಅರಗಿನ ಬಣ್ಣ ಹತ್ತಿಸುತ್ತಾರೆ. ಪೊಳಕಿಯ ಪದ್ಧತಿಯೇ ಬೇರೆ. ತುಂಡು ತುಂಡಾಗಿ ಉಳಿಯಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸಂದು ತುಂಬಲು ಕಿಟ್ಟ ಬೇಕು. ಗೋಣಿ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟಿನ ಜೊತೆ ಅರೆದದ್ದೇ ಕಿಟ್ಟ. ಅದರ ಮೇಲೆ ಬಟ್ಟೆಯ ಪದರ, ಬಟ್ಟೆಯ ಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳನ್ನು ಅದೇ ಲೇಪದಿಂದ ಉಬ್ಬಿಸುತ್ತಾರೆ. ಬಂಗಾರದ ಹೊಳಪಿಗೆ ತವರದಿಂದ ಮಾಡುವ ಲಾಜವಾರ. ಹೊರಗಿನಿಂದ ನೋಡಿದರೆ ಭಾರೀ ದೇವಿ, ಒಳಗೆ ಕೂಸಿನಷ್ಟು ಹಗುರ.

ಬಾಳಿಕೆ ಕಡಿಮೆಯಾದದ್ದೇ ಈ ಕಸುಬಿಗೆ ಅನ್ನ ಕೊಟ್ಟಿತು ಎಂಬುದು ನನ್ನ ಎಣಿಕೆ. ಕಲ್ಲಿನ ಮೂರ್ತಿ ಕಡೆದವನನ್ನು ಊರು ಮರೆಯಬಹುದು, ಅವನ ಕೆಲಸ ಮುಗಿದಿರುತ್ತದೆ. ಮರದ ದೇವಿಯ ಬಣ್ಣ ಮಾಸುತ್ತದೆ, ಬೆರಳು ಮುಕ್ಕಾಗುತ್ತದೆ. ಜಾತ್ರೆ ಬಂತೆಂದರೆ ಚಿತ್ರಗಾರನಿಗೆ ಹೇಳಿಕಳಿಸಬೇಕು. ಅವನು ಬಂದು ಬಣ್ಣ ಕಟ್ಟಿ, ಕೊನೆಗೆ ಕಣ್ಣು ಬರೆಯುವ ತನಕ ಹಲವು ಊರುಗಳಲ್ಲಿ ದೇವಿಗೆ ಪೂಜೆಯಿಲ್ಲ. 1800ರಲ್ಲಿ ಬಳ್ಳಾರಿ ಕಂಪನಿ ಸರ್ಕಾರದ ಪಾಲಾಯಿತು. ಕೊಪ್ಪಳ 1948ರವರೆಗೂ ಹೈದರಾಬಾದಿನ ಕಡೆ, ಸಾಲಾರ್‌ಜಂಗರ ಜಹಗೀರಿನಲ್ಲಿ ಉಳಿಯಿತು. ಮದರಾಸಿನವರು ಬರೆಸಿದ ಬಳ್ಳಾರಿ ಗೆಜೆಟಿಯರ್ ಹೊಳೆಯ ದಂಡೆಗೆ ಬಂದು ನಿಲ್ಲುತ್ತದೆ. ದೇವಿಯ ಬಣ್ಣಕ್ಕೆ ಅಂಥ ಗಡಿ ಇರಲಿಲ್ಲ.

ಈಗ ಕಿನ್ನಾಳದ ಗೊಂಬೆಗೂ, ಪೊಣಿಕಿಯಲ್ಲೇ ಮಾಡುವ ಆಂಧ್ರದ ಕೊಂಡಪಲ್ಲಿ ಗೊಂಬೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಅದು ಹೆಸರನ್ನು ಕಾಯುತ್ತದೆ, ಮರವನ್ನಲ್ಲ. ಕೊಂಡಪಲ್ಲಿಯ ಸುತ್ತಲಿನ ಗುಡ್ಡಗಳಲ್ಲಿ ಪೊಣಿಕಿ ಸಿಗದೆ ಕುಶಲಕರ್ಮಿಗಳು ಪರದಾಡುತ್ತಿದ್ದಾರೆ. ಸಸಿ ನೆಡೋಣವೆಂದರೆ ಬೀಜ ಸುಲಭಕ್ಕೆ ಮೊಳೆಯುವುದಿಲ್ಲ, ಅದರ ಸಿಪ್ಪೆ ಬಲು ಗಟ್ಟಿ. ಇಡೀ ಮರದಲ್ಲಿ ಹಾರ್ಡ್‌ವುಡ್ ಎಂಬ ಹೆಸರಿಗೆ ತಕ್ಕ ಗಟ್ಟಿತನ ಇರುವುದು ಅಲ್ಲೊಂದೇ ಕಡೆ. ಇತ್ತ ಪೇಟೆಗೆ ಫೈಬರ್ ಮೂರ್ತಿಗಳು ಬಂದಿವೆ. ಅವೂ ಹಗುರ, ಹೊರಲು ತೊಂದರೆಯಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಚಿತ್ರಗಾರನಿಗೆ ಹೇಳಿಕಳಿಸುವ ಕೆಲಸವೂ ಇಲ್ಲ.