ನನ್ನ ಮಣ್ಣಿನ ಖರ್ಚು

ನಾಟಿ ಮುಗಿದು ನಾಲ್ಕು ದಿನ ಪುರುಸೊತ್ತು ಸಿಕ್ಕದ. ಬಹಳ ದಿನದಿಂದ ಮನಸಿನಾಗ ಇದ್ದದ್ದನ್ನ ಇವತ್ತು ಬರೀತೀನಿ. ಗೊಬ್ಬರದ ಮಾತಲ್ಲ, ಔಷಧದ ಮಾತಲ್ಲ. ಉದ್ದ ಐತಿ, ರಾತ್ರಿ ಉಂಡ ಮ್ಯಾಲೆ ಓದ್ರಿ.

ನಮ್ಮ ದನದ ಕೊಟ್ಟಿಗೆಯಾಗ ಬೇವಿನ ಕಟಿಗಿಯ ಒಂದು ಕುರ್ಚಿ ಐತಿ. ಕಾಲಿಲ್ಲ, ಎತ್ತರದ ಬೆನ್ನಾಸರೆ ಐತಿ, ಎರಡೂ ಬಾಜು ಬಿದಿರು ತೂರಿಸಲಿಕ್ಕೆ ಕಬ್ಬಿಣದ ಬಳೆ ಅದಾವ. ಹಾಲು ಒಯ್ಯಲಿಕ್ಕೆ ಬಂದವರು "ಇದೇನ್ರಿ?" ಅಂತ ಕೇಳ್ತಾರ. ನಾನು ಸತ್ತಾಗ ನನ್ನ ಕೂಡಿಸಿ ಒಯ್ಯಲಿಕ್ಕೆ ನಾನೇ ಮಾಡಿಸಿದ್ದು. ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. "ಮನಿಯೊಳಗ ತರಬ್ಯಾಡ್ರಿ" ಅಂದ್ಲು. ಅದಕ್ಕ ಕೊಟ್ಟಿಗೆ.

ಕಾರಣ ಒಂದು ಹಳೇ ಡೈರಿ. ಅಪ್ಪ ತೀರಿಕೊಂಡದ್ದು 2011ರ ಬ್ಯಾಸಗಿಯಾಗ. ಆವತ್ತಿನ ಖರ್ಚು ತಮ್ಮ ಬರೆದಿಟ್ಟಿದ್ದ. ವಿಮಾನ ಕಟ್ಟಿದವರಿಗೆ, ಹೂವಿಗೆ, ಬ್ಯಾಂಡಿಗೆ, ಪಟಾಕಿಗೆ, ಶಾಮಿಯಾನಕ್ಕ, ಶಿವಗಣಾರಾಧನೆಯ ಊಟಕ್ಕ, ಗದ್ದಿಗಿ ಕಟ್ಟೆಯ ಗ್ರಾನೈಟಿಗೆ, ಎಲ್ಲಾ ಕೂಡಿ 78 ಸಾವಿರ. ಅದರಾಗ ಕುಣಿ ತೋಡಿದವರಿಗೆ ಕೊಟ್ಟದ್ದು 600 ರೂಪಾಯಿ! ಮಣ್ಣು ಮಾಡೋದಂದ್ರ ಅಸಲು ಕೆಲಸ ಅದೇ. ಉಳಿದ 77,400 ಸತ್ತವರಿಗಲ್ಲ, ನೋಡೋರಿಗೆ. 50 ಸಾವಿರ ಕೈಗಡ ತಂದಿದ್ವಿ, ನೂರಕ್ಕ ಮೂರು ರೂಪಾಯಿ ಬಡ್ಡಿ. ಎರಡು ವರ್ಷಕ್ಕ ಬಡ್ಡಿನೇ 36 ಸಾವಿರ ಆತು. ಕೊನೆಗೆ ಅಪ್ಪನೇ ಸಾಕಿದ್ದ ಜೋಡೆತ್ತು ಮಾರಿ ಸಾಲ ಹರಿದ್ವಿ.

ಆಮೇಲೆ ಒಂದು ಪ್ರಶ್ನೆ ಹತ್ತಿಕೊಂತು. ನಮ್ಮ ಹಿರಿಯರು ಹೆಂಗ ಮಣ್ಣು ಮಾಡ್ತಿದ್ದರು? ಇಷ್ಟು ಖರ್ಚು ಯಾವಾಗ ಬಂತು?

ಹುಡುಕಲಿಕ್ಕೆ ದೂರ ಹೋಗಬೇಕಿಲ್ಲ. ಮಸ್ಕಿ ಅಂದ್ರ ಎಲ್ಲರಿಗೂ ಅಶೋಕನ ಶಾಸನ ನೆನಪಾಗ್ತದ. 1915ರಾಗ ಚಿನ್ನ ಹುಡುಕಲಿಕ್ಕೆ ಬಂದಿದ್ದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆ ಅದು. ಆದ್ರ ಅದೇ ಮಸ್ಕಿಯಾಗ 1954ರಾಗ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಗೆಸಿದಾಗ, ಕಬ್ಬಿಣ ಬಳಸ್ತಿದ್ದ ಬೃಹತ್ ಶಿಲಾಯುಗದ ಜನರ ಸಮಾಧಿಗಳು ಸಿಕ್ಕವು. ಕಾರಟಗಿ ದಾಟಿ ಗಂಗಾವತಿ ಕಡೆ ಹೋದ್ರ ಹಿರೇಬೆಣಕಲ್ ಗುಡ್ಡ. ಮೂರು ಬಾಜು ಕಲ್ಲಿನ ಚಪ್ಪಡಿ, ನಾಲ್ಕನೇದಕ್ಕ ದುಂಡನ ಕಿಂಡಿ, ಮ್ಯಾಲೊಂದು ಚಪ್ಪಡಿ. ಇಂಥಾ ನೂರಾರು ಗೋರಿಮನೆ ಅಲ್ಲಿ ಅದಾವ. ಜನ ಅದನ್ನ ಮೊರೇರ ಗುಡ್ಡ ಅಂತಾರ. ಮ್ಯಾಲೆ ಒಂದು ಕಲ್ಲಿನ ನಗಾರಿ ಐತಿ, ಬಡಿದ್ರ ದೂರ ಕೇಳ್ತದ. ಕೃಷ್ಣಾ ಆಚೆ ಸುರಪುರ ಸೀಮೆಯ ರಾಜನಕೋಳೂರಿನಾಗೂ ಇಂಥವು ಅದಾವ. ಸುರಪುರದಾಗಿದ್ದ ಮೆಡೋಸ್ ಟೇಲರ್ ಅವುಗಳ ಬಗ್ಗೆ 1850ರ ಆಸುಪಾಸಿನಾಗೇ ಬರೆದಾನ.

ನಾನು ಹಿರೇಬೆಣಕಲ್ ಹತ್ತಿ ನೋಡಿದೆ. ಆ ಚಪ್ಪಡಿ ಒಬ್ಬರ ಮನಿಯವರಿಂದ ಏಳೂದಲ್ಲ. ಊರೇ ಕೂಡಿ ಎತ್ತಿದ್ದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಾಗ 1947ರಾಗ ವೀಲರ್ ಅಗೆಸಿದಾಗ, ಇಂಥಾ ಒಂದೇ ಕಲ್ಲಿನ ಪೆಟ್ಟಿಗೆಯಾಗ ಒಬ್ಬರಿಗಿಂತ ಹೆಚ್ಚು ಜನರ ಎಲುಬು ಸಿಕ್ಕವು. ಅಂದ್ರ ಕಷ್ಟಪಟ್ಟು ಒಮ್ಮೆ ಕಟ್ಟಿ ಹಲವರಿಗೆ ಬಳಸಿದ್ದು. ಈ ಮಾತು ನೆನಪಿಡ್ರಿ, ಮುಂದ ಬರ್ತದ.

ಮುಂದ 12ನೇ ಶತಮಾನದ ಶರಣರು. ಜನನ, ಮರಣದ ಸೂತಕವೇ ಇಲ್ಲ ಅಂದವರು ಅವರು. ನಮ್ಮ ಕ್ರಿಯಾ ಸಮಾಧಿಯಾಗ ಪೆಟ್ಟಿಗೆ ಇಲ್ಲ, ಕಟಿಗಿ ಸುಡೂದಿಲ್ಲ. ಸತ್ತವರ ಪಾದದ ಅಳತಿಯಾಗ ಕುಣಿ, ಒಳಗ ಒಂದು ಗೂಡು, ಕೈಯಾಗ ಇಷ್ಟಲಿಂಗ, ವಿಭೂತಿ, ಪತ್ರಿ, ಉಪ್ಪು, ಮ್ಯಾಲೆ ಮಣ್ಣು. ಲೆಕ್ಕ ಹಾಕಿದ್ರ ಇವತ್ತಿಗೂ ಇದು ಒಂದೆರಡು ಸಾವಿರದ ಕೆಲಸ.

ಲಿಂಗಸೂಗೂರು ತಾಲೂಕಿನ ಮುದಗಲ್ಲಿಗೆ ಹೋದ್ರ ಮೂರು ಪದ್ಧತಿ ಒಂದೇ ಊರಾಗ ಅದಾವ. ಅಲ್ಲಿಯ ಕ್ರೈಸ್ತರು ಬ್ರಿಟಿಷರ ಕಾಲದಾಗ ಬಂದವರಲ್ಲ. ಜೆಸ್ವಿಟರು 1557ಕ್ಕಿಂತ ಮೊದಲೇ ಅಲ್ಲಿ ಚರ್ಚು ಕಟ್ಟಿದ್ದರು ಅಂತ ಹಳೇ ಗೆಜೆಟಿಯರ್ ಹೇಳ್ತದ. ಅವರದು ಕಟಿಗಿ ಪೆಟ್ಟಿಗೆ. ಮುಸ್ಲಿಮರದು ಗಂಡಸಿಗೆ ಮೂರು, ಹೆಂಗಸಿಗೆ ಐದು ಬಿಳೀ ಬಟ್ಟಿ. ಹೊರೋ ಜನಾಜಾ ಮಾತ್ರ ಮಸೀದಿದು. ಬಡವ ಸತ್ರೂ ಅದೇ, ಸಾಹುಕಾರ ಸತ್ರೂ ಅದೇ. ಮಣ್ಣು ಮಾಡಿ ಬಂದ ಮ್ಯಾಲೆ ವಾಪಸ್ ಮಸೀದಿಗೆ. ಇದು ನನ್ನ ತಲಿಯಾಗ ಕೂತುಬಿಡ್ತು.

ಬದುಕಿದ್ದಾಗಲೇ ತಮ್ಮ ಗೋರಿ ಚಿಂತಿ ಮಾಡಿದ ದೊಡ್ಡವರೂ ನಮ್ಮ ಸೀಮೆಗೆ ಸಂಬಂಧಪಟ್ಟವರೇ. ರಾಯಚೂರು, ಮುದಗಲ್ಲು ಬಿಜಾಪುರದವರ ಕೈಯಾಗಿದ್ದ ಕಾಲದಾಗ ಮಹಮ್ಮದ್ ಆದಿಲ್‌ಶಾಹ ತಾನು ಬದುಕಿದ್ದಾಗಲೇ ಗೋಳಗುಮ್ಮಟ ಕಟ್ಟಿಸಿದ. 1656ರಾಗ ಸತ್ತು ಅದರ ಕೆಳಗೇ ಮಲಗಿದ. ಗುಮ್ಮಟದ ಅಗಲವೇ ಹೊರಗಿನಿಂದ ಸುಮಾರು 44 ಮೀಟರ್. ಮಗ ಅಲಿ ತಾನೂ ಅಷ್ಟೇ ದೊಡ್ಡದು ಬೇಕಂತ ಶುರು ಮಾಡಿದ. ಮುಗಿಯೋದರೊಳಗ 1672ರಾಗ ತೀರಿಹೋದ. ಬರೀ ಕಮಾನು ನಿಂತಾವ, ಅದೇ ಬಾರಾ ಕಮಾನು. ಅಪ್ಪನ ಖರ್ಚಿನ ಜೊತಿ ಜಿದ್ದಿಗೆ ಬಿದ್ರ ಅರಸನದೂ ಅರ್ಧಕ್ಕ ನಿಲ್ತದ.

ಇನ್ನೊಬ್ಬ ಔರಂಗಜೇಬ. ಅವನ ರಾಜಕೀಯ ಇಲ್ಲಿ ಬ್ಯಾಡ, ಗೋರಿ ಮಾತಷ್ಟೇ. 1705ರಾಗ ಸುರಪುರ ನಾಯಕರ ವಾಗಣಗೇರಾ ಕೋಟಿ ಮುತ್ತಿದ್ದೇ ಅವನ ಕೊನೇ ದೊಡ್ಡ ಮುತ್ತಿಗೆ. ಆಮೇಲೆ ಕೃಷ್ಣಾ ದಂಡಿಗೆ ದೇವಾಪುರದಾಗ ಜಡ್ಡಿಗೆ ಬಿದ್ದು ತಿಂಗಳುಗಟ್ಟಲೆ ಮಲಗಿದ್ದ. 1707ರಾಗ ಸತ್ತ. ಟೋಪಿ ಹೊಲಿದು ಗಳಿಸಿದ 4 ರೂಪಾಯಿ 2 ಆಣೆಯಾಗೇ ನನ್ನ ಕಫನ್ ಆಗಲಿ ಅಂದಿದ್ದ ಅಂತ ಅವನ ಹೆಸರಿನ ಮರಣಪತ್ರದಾಗ ಐತಿ. ಖುಲ್ದಾಬಾದಿನಾಗ ಅವನ ಗೋರಿ ಮ್ಯಾಲೆ ಗುಮ್ಮಟ ಇಲ್ಲ, ಬರೀ ಆಕಾಶ. ಆದ್ರ ಒಂದು ವಿಚಾರ ಮಾಡ್ರಿ. ಸತ್ತಾಗ ನಾಲ್ಕು ರೂಪಾಯಿ ಸಾಕು ಅಂದವನ ದಂಡು, ಬದುಕಿದ್ದಾಗ ನಮ್ಮ ನದಿ ದಂಡೆಯ ಎಷ್ಟು ಹೊಲ ತುಳಿದಿರಬೇಕು? ಬರೀ ಗೋರಿ ಸರಳ ಆದ್ರ ಮನುಷ್ಯ ಸರಳ ಆಗೂದಿಲ್ಲ. ಇದು ನನಗೂ ಹೇಳಿಕೊಂಡ ಮಾತು.

ಮ್ಯಾಲಿನಿಂದ ಹುಕುಂ ಮಾಡಿದ್ರೂ ಆಗೂದಿಲ್ಲ. ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ 1784ರಾಗ ಒಂದು ಕಾನೂನು ಮಾಡಿದ. ಹೆಣ ಚೀಲದಾಗ ಹೊಲಿದು ಹೂಳ್ರಿ, ಪೆಟ್ಟಿಗೆ ಒಂದೇ ಇರಲಿ, ತಳದಾಗ ಬಾಗಿಲು ಇಟ್ಟು ಹೆಣ ಇಳಿಸಿ ಪೆಟ್ಟಿಗೆ ವಾಪಸ್ ತರ್ರಿ ಅಂದ. ಜನ ರೊಚ್ಚಿಗೆದ್ದರು. ಮರುವರ್ಷವೇ ಹಿಂದಕ್ಕ ತಗೊಂಡ. ಅದೇ ನ್ಯೂಜಿಲೆಂಡಿನ ರೊಟೊರುವಾದಾಗ 2010ರಾಗ ಒಬ್ಬ ನಿವೃತ್ತ ನರ್ಸಮ್ಮ, ಬರ್ರಿ, ನಮ್ಮ ನಮ್ಮ ಪೆಟ್ಟಿಗೆ ನಾವೇ ಮಾಡಿಕೊಳ್ಳೋಣ ಅಂತ ಮುದುಕರನ್ನ ಕೂಡಿಸಿದಳು. ಅದು ಬೆಳೆದು ಬ್ಯಾರೆ ದೇಶಕ್ಕೂ ಹೋಯ್ತು. ದೊರೆ ಹೇಳಿದ್ರ ಅವಮಾನ, ನಾವೇ ಮಾಡಿದ್ರ ಮರ್ಯಾದಿ.

ಈಗ ನಮ್ಮೂರಿಗೆ ಬರ್ತೀನಿ. ಹಿಂದ ನಮ್ಮಲ್ಲಿ ಮಣ್ಣಿಗೆ ಖರ್ಚು ಕಡಿಮಿ ಇತ್ತು, ಎಲ್ಲಾ ಮುಯ್ಯಾಳಿನ ಲೆಕ್ಕದಾಗ ನಡೀತಿತ್ತು ಅಂತ ಹಿರಿಯರು ಹೇಳ್ತಾರ. ಖರೇನೂ ಹೌದು. ಬಿದಿರು ಒಬ್ಬರು, ಬಾಳಿಗಿಡ ಒಬ್ಬರು, ಸಾವಿನ ಮನಿಗೆ ರೊಟ್ಟಿ ಬುಟ್ಟಿ ಓಣಿಯವರು. ಆದ್ರ ಅರ್ಧ ಖರೆ ಹೇಳಿ ಬಿಡಬಾರದು. ಕುಣಿ ತೋಡ್ತಿದ್ದವರು ಯಾರು? ಹಲಗಿ ಬಡಿದವರು ಯಾರು? ಸುದ್ದಿ ಹೇಳಲಿಕ್ಕೆ ಬೀಗರ ಊರಿಗೆ ಬ್ಯಾಸಗಿಯಾಗ ನಡಕೊಂಡು ಹೋದವರು ಯಾರು? ಕೇರಿಯವರು. ಅದು ಮುಯ್ಯಾಳಲ್ಲ, ಬಿಟ್ಟಿ. ಮುಯ್ಯಾಳಂದ್ರ ನಾವೂ ಅವರ ಮನಿ ಮಣ್ಣಿಗೆ ಸಲಿಕಿ ಹಿಡಿದು ಹೋಗಬೇಕಿತ್ತು. ಹೋಗಲಿಲ್ಲ. ನಮ್ಮ ಹಿರಿಯರ ಮಣ್ಣು ಅಗ್ಗ ಆಗಿದ್ದು ಅವರ ಕೂಲಿ ಕೊಡದೇ ಇದ್ದದ್ದಕ್ಕೂ ಹೌದು. ಕೂಲಿ ಕೊಡೂ ಕಾಲ ಬಂದಾಗ ನಾವು ಮಾಡಿದ್ದೇನು? ಕುಣಿಗೆ 600, ಬ್ಯಾಂಡಿಗೆ ಸಾವಿರಗಟ್ಟಲೆ.

ಇದೆಲ್ಲಾ ಕೂಡಿಸಿ ನಾನು ಮಾಡಿದ್ದು ಇಷ್ಟು. ಒಡ್ಡಿನ ಮ್ಯಾಲೆ ಒಣಗಿ ನಿಂತಿದ್ದ ಬೇವು ಕೊಯ್ಸಿದೆ. ಬಡಿಗೇರರ ಕೂಡ ಎರಡು ದಿನ ನಾನೂ ಕೂತು ಕೀಸುಳಿ ಹೊಡೆದೆ. ಕೂಡೂ ಜಾಗ ಎರಡಡಿ ಚೌಕ, ಬೆನ್ನು ಮೂರಡಿ. ಕೊಯ್ಸಿದ್ದು, ಕೂಲಿ, ಬೋಲ್ಟು, ಬಿದಿರು ಎಲ್ಲಾ ಸೇರಿ 3,140 ರೂಪಾಯಿ. ಮ್ಯಾಲೆ ಖಾತೆ ಪುಸ್ತಕದಾಗ ಬರೆದು ಇಬ್ಬರು ಮಕ್ಕಳಿಗೂ ಓದಿ ಹೇಳಿದೆ:

1. ಈ ಕುರ್ಚಿ ನನ್ನೊಬ್ಬನದಲ್ಲ. ಜನಾಜಾದಂಗ, ಯಾರು ಕೇಳಿದ್ರೂ ಕೊಡಬೇಕು, ತೊಳೆದು ವಾಪಸ್ ಇಡಬೇಕು.
2. ಕುಣಿ ಭತ್ತದ ಗದ್ದಿಯಾಗ ಬ್ಯಾಡ. ಕಾಲುವೆ ಬಂದ ಮ್ಯಾಲೆ ಎರಿ ಹೊಲ ಜವಳು ಹಿಡಿದದ, ಮೂರಡಿಗೆ ನೀರು ಬರ್ತದ. ಮ್ಯಾಲಿನ ಮಸಾರಿ ದಿಬ್ಬಿನಾಗ ತೋಡ್ರಿ.
3. ಕುಣಿ ತೋಡಲಿಕ್ಕೆ ಮಕ್ಕಳು, ಅಣ್ಣತಮ್ಮರೂ ಇಳೀಬೇಕು. ಹೊರಗಿನವರು ಬಂದ್ರ ಭತ್ತದ ನಾಟಿಗೆ ಕೊಡೂ ಕೂಲಿಯ ಎರಡು ಪಟ್ಟು.
4. ಬ್ಯಾಂಡು, ಪಟಾಕಿ, ಗ್ರಾನೈಟು ಬ್ಯಾಡ. ಭಜನಿ ಸಾಕು. ಒಂದು ಬೇವಿನ ಸಸಿ ಹಚ್ಚರಿ.
5. ಊಟ ಒಂದೇ ದಿನ, ರೊಟ್ಟಿ, ಬ್ಯಾಳಿ, ಅನ್ನ. ಸಾಲ ಮಾಡಿ ಊಟ ಹಾಕಿದ್ರ ನಾನು ಉಂಡಂಗಲ್ಲ.

ದೊಡ್ಡಮಗ "ಜನ ಏನಂತಾರಪ್ಪಾ" ಅಂದ. ನಾನಂದೆ, ಜನ ಒಂದು ದಿನ ಅಂತಾರ, ಬಡ್ಡಿ ತಿಂಗಳಾ ತಿಂಗಳಾ ಅಂತದ.

ಇಷ್ಟಕ್ಕ ಮುಗಿಸಬೇಕಂತಿದ್ದೆ. ಆದ್ರ ಹೋದ ಚಳಿಗಾಲದಾಗ ಒಂದು ಆತು. ಅಪ್ಪನ ಕುಣಿ ತೋಡಿದವರೊಳಗ ಒಬ್ಬ ಹಿರಿಯ ತೀರಿಕೊಂಡ. ಅವನ ಮಗ ಬೆಳಿಗ್ಗೆ ಬಂದು ಅಂಗಳದ ಹೊರಗೇ ನಿಂತು, "ಗೌಡ್ರ, ಆ ಕುರ್ಚಿ ಕೊಡ್ತೀರೇನ್ರಿ?" ಅಂದ. ಸುಳ್ಳು ಹೇಳೂದಿಲ್ಲ, ಒಂದು ಗಳಿಗಿ ಬಾಯಿಗೆ ಮಾತು ಬರಲಿಲ್ಲ. ಯಾರು ಕೇಳಿದ್ರೂ ಅಂತ ಬರೆದವನು ನಾನೇ. ಬರೆಯೋವಾಗ ಮನಸಿನಾಗ ಇದ್ದದ್ದು ನಮ್ಮ ಓಣಿಯಷ್ಟೇ ಅಂತ ಆಗ ತಿಳೀತು. ತಮ್ಮ ಒಳಗಿನಿಂದ, "ಕೊಟ್ರ ಕೊಡು, ವಾಪಸ್ ಮನಿಗೆ ತರಬ್ಯಾಡ" ಅಂದ.

ಕೊಟ್ಟೆ. ನಾನೂ ಹೋದೆ. ಅವರ ಸ್ಮಶಾನ ಹಳ್ಳದ ದಂಡಿಗೆ, ಮಳಿಗಾಲದಾಗ ನೀರು ನಿಲ್ಲೂ ಜಾಗ. ಸರಕಾರಿ ಜಾಗ ಸ್ಮಶಾನಕ್ಕ ಬಿಡಲಿಕ್ಕೆ ಕಂದಾಯ ಕಾಯ್ದೆಯ 71ನೇ ಕಲಂ ಐತಿ, ಅರ್ಜಿ ಕೊಡಬೇಕು. ಅದನ್ನ ಈಗ ಕೂಡಿ ಬರೀತಿದ್ದೀವಿ. ಆವತ್ತು ಕುಣಿಯೊಳಗ ಇಳಿದು ಅರ್ಧ ತಾಸು ಸಲಿಕಿ ಹಿಡಿದೆ. ಅರವತ್ತು ವರ್ಷದಾಗ ಅವರ ಮನಿ ಮಣ್ಣಿಗೆ ನಾನು ಇಳಿದದ್ದು ಅದೇ ಮೊದಲು. ಮೂರಡಿ ಆದ ಮ್ಯಾಲೆ ಗಟ್ಟಿ ಸುಣ್ಣಗಲ್ಲು ಹತ್ತಿತು, ಅಂಗೈಯಾಗ ಬೊಬ್ಬಿ ಬಂದ್ವು. ನಮ್ಮಪ್ಪನ ಕುಣಿಗೆ 600 ಕೊಟ್ಟಿದ್ದು ನೆನಪಾಗಿ ಯಾರ ಮುಖಾನೂ ನೋಡಲಿಕ್ಕೆ ಆಗಲಿಲ್ಲ.

ಕುರ್ಚಿ ತೊಳೆದು ತಂದುಕೊಟ್ಟರು. ಕೊಟ್ಟಿಗೆಯಾಗ ಅದರ ಜಾಗದಾಗೇ ಐತಿ. ತಮ್ಮ ಈಗೂ ಕೊಟ್ಟಿಗೆ ಕಡೆ ಬರೂದಿಲ್ಲ, ನನಗ ಬ್ಯಾರೆ ವಿಮಾನ ಕಟ್ಟಿಸ್ರಿ ಅಂದಾನ. ಅವನಿಷ್ಟ. ನಿಮ್ಮೂರಾಗ ಯಾರಿಗಾದ್ರೂ ಬೇಕಾದ್ರ ಹೇಳ್ರಿ, ಟ್ರ್ಯಾಕ್ಟರ್ ಟ್ರೇಲಿಯಾಗ ಕಳಸ್ತೀನಿ. ಅಳತಿ ಮ್ಯಾಲೆ ಬರೆದೀನಿ, ನೀವೂ ಒಂದು ಮಾಡಿಸಿಡ್ರಿ. ಒಣಗಿದ ಬೇವು ಎಲ್ಲರ ಒಡ್ಡಿನ ಮ್ಯಾಲೂ ಒಂದಾದ್ರೂ ಇದ್ದೇ ಇರ್ತದ.