ಆಲೂಗಡ್ಡೆ ಯಾವ ಊರಿನದು?

ಹಾಸನದ ಹೊಲದಲ್ಲಿ ಬೆಳೆಯೋ ಆಲೂಗಡ್ಡೆ ನಮ್ಮದಾ, ಹೊರಗಿನದಾ? ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಮಂಗಳೂರಿನವರು ಬಟಾಟೆ ಅಂತಾರಲ್ಲ, ಆ ಹೆಸರು ಪೋರ್ಚುಗೀಸರಿಂದ ಬಂದದ್ದು. ಜರ್ಮನರಿಗೂ ಇದು ಹೊಸದೇ ಆಗಿತ್ತು. ಪ್ರಷ್ಯಾದ ದೊರೆ 2ನೇ ಫ್ರೆಡರಿಕ್ 1756ರಲ್ಲಿ ಇದನ್ನು ಬೆಳೆಸಿ ಅಂತ ಆಜ್ಞೆಯನ್ನೇ ಹೊರಡಿಸಬೇಕಾಯ್ತು.

ಪೋರೂರಿನ ನಮ್ಮ ಕನ್ನಡ ಗೆಳೆಯರ ರಾಜ್ಯೋತ್ಸವದ ಊಟಕ್ಕೆ ನಾನು ಬಿಸಿ ಜರ್ಮನ್ ಆಲೂ ಸಲಾಡ್ ಮಾಡ್ತೀನಿ ಅಂದೆ. "ನಮ್ಮ ಅಡುಗೆ ಮಾಡಬಾರ್ದಾ?" ಅಂತ ಒಬ್ಬರು ಕೇಳಿದ್ರು. ನ್ಯಾಯವಾದ ಪ್ರಶ್ನೆಯೇ.

ಇದು ದಕ್ಷಿಣ ಜರ್ಮನಿಯ ಪದ್ಧತಿ, ಮೇಯೊನೀಸ್ ಹಾಕಲ್ಲ. ಬೆಂದ ಆಲೂಗಡ್ಡೆ ಬಿಸಿ ಇರುವಾಗಲೇ ಬಿಲ್ಲೆ ಮಾಡಿ, ಈರುಳ್ಳಿ, ಅರೆದ ಸಾಸಿವೆ, ವಿನೆಗರ್, ತರಕಾರಿ ಬೇಯಿಸಿದ ಬಿಸಿ ನೀರು, ಎಣ್ಣೆ ಹಾಕಿ ಕಲಸಬೇಕು. ಆರಿದ ಮೇಲೆ ಹಾಕಿದರೆ ಹುಳಿ ಅಷ್ಟು ಚೆನ್ನಾಗಿ ಒಳಗೆ ಇಳಿಯಲ್ಲ.

ಅದೇ ಸೀಮೆಯ ವ್ಯುರ್ಟೆಂಬರ್ಗ್‌ನಿಂದ ಬಂದ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರತಂದರು. ಅದನ್ನು ಪರದೇಶದ್ದು ಅಂತ ಯಾರೂ ಪಕ್ಕಕ್ಕಿಡಲಿಲ್ಲ; ಅದು ಶುರುವಾದ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸ್ತೀವಿ.

ಕೆಲಸ ಹುಡುಕಿ ಚೆನ್ನೈಗೆ ಬಂದ ನಾವೂ ಇಲ್ಲಿ ಹೊರಗಿನವರೇ. ನಮ್ಮನ್ನು ಊರು ಹೇಗೆ ಒಳಗೆ ಕರ್ಕೋಬೇಕು ಅಂತ ಬಯಸ್ತೀವೋ, ನಮ್ಮ ಎಲೆಯಲ್ಲೂ ಹಾಗೇ ಜಾಗ ಇರಲಿ. ಪಲ್ಯವೂ ಇರುತ್ತೆ, ಸಲಾಡೂ ಇರುತ್ತೆ. ಎರಡರಲ್ಲೂ ಸಾಸಿವೆ ಇದೆ.